ಬಿಚ್ಚಿ ನೋಡಲು ಬಿಡುವ ಇಂಟರ್‌ನೆಟ್

ಮೂನ್‌ವಾಕ್ ನಿಮಗೆಲ್ಲ ಗೊತ್ತು. ಮೈಕಲ್ ಜಾಕ್ಸನ್ 1983ರಲ್ಲಿ ವೇದಿಕೆಯ ಮೇಲೆ ಮಾಡಿ ತೋರಿಸಿದ ಹೆಜ್ಜೆ. ಮುಂದಕ್ಕೆ ನಡೆಯುತ್ತಿರುವ ಹಾಗೆ ಕಾಣುತ್ತದೆ, ಆದರೆ ಮನುಷ್ಯ ಹಿಂದಕ್ಕೆ ಜಾರುತ್ತಿರುತ್ತಾನೆ. ಷಿಕಾಗೊ ವಿಶ್ವವಿದ್ಯಾಲಯದ ಮೈಕಲ್ ಕಾರ್ಡಸ್ ಮತ್ತು ಎಡ್ ಓಬ್ರಿಯನ್ ಇದನ್ನೇ ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಅದು 2018ರಲ್ಲಿ ಪ್ರಕಟವಾಯಿತು. ಕೆಲವರಿಗೆ ಮೂನ್‌ವಾಕಿನ ಪುಟ್ಟ ವಿಡಿಯೊ ಒಂದೇ ಸಲ ತೋರಿಸಿದರು. ಇನ್ನು ಕೆಲವರಿಗೆ ಅದನ್ನೇ 20 ಸಲ ತೋರಿಸಿದರು. ನೀವು ಎಷ್ಟು ಚೆನ್ನಾಗಿ ಮಾಡಬಲ್ಲಿರಿ ಅಂತ ಕೇಳಿದಾಗ 20 ಸಲ ನೋಡಿದವರ ಧೈರ್ಯ ಜಾಸ್ತಿ ಇತ್ತು. ಸರಿ, ಮಾಡಿ ತೋರಿಸಿ ಅಂದಾಗ ಎರಡು ಗುಂಪಿಗೂ ಏನೂ ವ್ಯತ್ಯಾಸ ಇರಲಿಲ್ಲ. ಡಾರ್ಟ್ ಎಸೆಯುವ ಆಟದಲ್ಲೂ ಹೀಗೇ ಆಯಿತು.

ಅದೇ ಸಂಶೋಧನೆಯಲ್ಲಿ ನನಗೆ ಇನ್ನೂ ಇಷ್ಟವಾದ ಭಾಗ ಒಂದಿದೆ. ಗಾಳಿಯಲ್ಲಿ ಎಸೆದು ಹಿಡಿಯುವ ಕೋಲುಗಳ ಆಟವನ್ನು ಜನರಿಗೆ ವಿಡಿಯೊದಲ್ಲಿ ತೋರಿಸಿದರು. ಆಮೇಲೆ ಕೆಲವರ ಕೈಗೆ ಆ ಕೋಲುಗಳನ್ನು ಕೊಟ್ಟರು. ಆಡುವುದು ಬೇಡ, ಸುಮ್ನೆ ಹಿಡಿದುಕೊಳ್ಳಿ ಅಂದರು. ಅಷ್ಟಕ್ಕೇ ಅವರ ಅತಿಯಾದ ಧೈರ್ಯ ಇಳಿಯಿತು. ಕೋಲಿನ ತೂಕ ಕೈಗೆ ಗೊತ್ತಾದಾಗ ಕೆಲಸದ ಕಷ್ಟವೂ ಗೊತ್ತಾಯಿತು.

ನಾನು ಶಾಲಾ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವಳು. ಬಿಡುವಾದಾಗ ಕನ್ನಡ ವಿಕಿಪೀಡಿಯದಲ್ಲಿ ಬರೆಯುತ್ತೇನೆ. ಹೋದಲ್ಲೆಲ್ಲ ತಂದೆ ತಾಯಿಯರು ಕೇಳುವ ಪ್ರಶ್ನೆ ಒಂದೇ: ಮಗು ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ನೋಡಬಹುದು? ಕಣ್ಣಿಗೆ, ನಿದ್ದೆಗೆ ಸಂಬಂಧಪಟ್ಟಂತೆ ಅದು ಮುಖ್ಯವಾದ ಪ್ರಶ್ನೆಯೇ. ಕಲಿಕೆಯ ವಿಷಯಕ್ಕೆ ಬಂದರೆ ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಪರದೆಯ ಮುಂದೆ ಕೂತಾಗ ಮಗುವಿನ ಕೈ ಏನು ಮಾಡುತ್ತಿದೆ? ಬರೀ ಮೇಲಕ್ಕೆ ಸರಿಸುತ್ತಿದೆಯಾ, ಅಥವಾ ಏನಾದರೂ ಕಟ್ಟುತ್ತಿದೆಯಾ, ಬರೆಯುತ್ತಿದೆಯಾ, ತಿದ್ದುತ್ತಿದೆಯಾ? ಇಂಟರ್‌ನೆಟ್ ಕಲಿಸುತ್ತದೆ ಎಂದು ನಾನು ಪೂರ್ತಿ ನಂಬುತ್ತೇನೆ. ಆದರೆ ಇನ್ನೊಬ್ಬರ ಕೆಲಸವನ್ನು ಬಿಚ್ಚಿ ನೋಡಲು, ಅದಕ್ಕೆ ಕೈ ಹಾಕಲು ಬಿಡುವ ಜಾಗಗಳಲ್ಲಿ ಅದು ಹೆಚ್ಚು ಕಲಿಸುತ್ತದೆ.

ವಿಡಿಯೊ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಯೂಟ್ಯೂಬ್ ಶುರುವಾದದ್ದು 2005ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು ಅಮೆರಿಕದಲ್ಲಿದ್ದ ಸಲ್ಮಾನ್ ಖಾನ್, ನಟ ಅಲ್ಲ, ದೂರದ ಊರಿನಲ್ಲಿದ್ದ ತಮ್ಮ ಸಂಬಂಧಿ ಹುಡುಗಿಗೆ ಫೋನಿನಲ್ಲಿ ಗಣಿತ ಹೇಳಿಕೊಡಲು ಶುರು ಮಾಡಿದ್ದರು. ಆಮೇಲೆ ಆ ಪಾಠಗಳು ಯೂಟ್ಯೂಬಿಗೆ ಬಂದವು, ಖಾನ್ ಅಕಾಡೆಮಿ ಆಯಿತು. ವಿಡಿಯೊ ಪಾಠದ ದೊಡ್ಡ ಗುಣ ಏನು ಅಂದರೆ, ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು. ತರಗತಿಯಲ್ಲಿ "ಮೇಡಂ, ಅರ್ಥ ಆಗಲಿಲ್ಲ" ಅನ್ನಲು ನಾಚುವ ಮಗು ಇಲ್ಲಿ ಹತ್ತು ಸಲ ಕೇಳಬಹುದು. ಯಾರೂ ನಗುವುದಿಲ್ಲ.

ಹೊಲಿಗೆ ಕಲಿಯುವ ಹೆಣ್ಣುಮಕ್ಕಳನ್ನು ಗಮನಿಸಿ. ಬ್ಲೌಸ್ ಕಟಿಂಗ್ ವಿಡಿಯೊ ನೋಡುವಾಗ ಮೊಬೈಲನ್ನು ಡಬ್ಬಿಗೆ ಒರಗಿಸಿ ಇಟ್ಟಿರುತ್ತಾರೆ. ಒಂದು ಅಳತೆ ನೋಡುತ್ತಾರೆ, ನಿಲ್ಲಿಸುತ್ತಾರೆ, ಚಾಕ್‌ಪೀಸಿನಲ್ಲಿ ಗುರುತು ಹಾಕುತ್ತಾರೆ. ಮತ್ತೆ ಮುಂದಕ್ಕೆ. ಹತ್ತು ನಿಮಿಷದ ವಿಡಿಯೊ ಮುಗಿಯಲು ಅರ್ಧ ದಿನ ಬೇಕು. ತೋಳಿನ ಸುತ್ತು ಕೂರಲಿಲ್ಲ ಅಂದರೆ ಬಿಚ್ಚಿ ಮತ್ತೆ ಹೊಲಿಯುತ್ತಾರೆ. ಅವರು ನಿಜವಾಗಿ ಕಲಿಯುತ್ತಾರೆ. ಅದೇ ವಿಡಿಯೊವನ್ನು ಬಸ್ಸಿನಲ್ಲಿ ಕೂತು ನೋಡಿದವರಿಗೆ ಕಲಿತೆ ಅನ್ನುವ ಭಾವನೆ ಮಾತ್ರ ಉಳಿಯುತ್ತದೆ.

ಆನ್‌ಲೈನ್ ಕೋರ್ಸುಗಳ ಕಥೆಯೂ ಇದೇ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ವಿಶ್ವವಿದ್ಯಾಲಯಗಳು ಸೇರಿ ನಡೆಸಿದ ಉಚಿತ ಕೋರ್ಸುಗಳ ಲೆಕ್ಕ 2019ರಲ್ಲಿ ಬಂತು. 2017-18ರಲ್ಲಿ ಹೆಸರು ಕೊಟ್ಟವರಲ್ಲಿ ಮುಗಿಸಿದವರು ಶೇಕಡಾ 3ರ ಆಸುಪಾಸು. ಜಗತ್ತಿನ ಒಳ್ಳೆಯ ಮೇಷ್ಟ್ರುಗಳು, ಒಳ್ಳೆಯ ಪಾಠಗಳು, ಎಲ್ಲ ಇದ್ದವು. ಬಾಗಿಲು ತೆರೆದಿಟ್ಟರೆ ಸಾಲದು, ಒಳಗೆ ಬಂದವರ ಕೈಗೆ ಕೆಲಸವನ್ನೂ ಕೊಡಬೇಕು, ಜೊತೆಗೆ ಯಾರಾದರೂ ಇರಬೇಕು ಅಂತ ನಾನು ಅದನ್ನು ಓದಿಕೊಳ್ಳುತ್ತೇನೆ.

ಇಲ್ಲಿ ಮೇಷ್ಟ್ರುಗಳಿಗೆ ಒಂದು ಮಾತು ಹೇಳಲೇಬೇಕು. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಸುತ್ತು ಓದಿದರು. ಇನ್ನೊಂದು ಗುಂಪು ಒಂದೇ ಸುತ್ತು ಓದಿ, ಮೂರು ಸಲ ಪಾಠ ಮುಚ್ಚಿಟ್ಟು ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ನಾಲ್ಕು ಸುತ್ತು ಓದಿದವರೇ ಮುಂದೆ. ಒಂದು ವಾರ ಬಿಟ್ಟು ಮಾಡಿದಾಗ ಪೂರ್ತಿ ಉಲ್ಟಾ. ಓದಿದವರ ನೆನಪಿನಲ್ಲಿ ಉಳಿದದ್ದು ಶೇಕಡಾ 40, ಮುಚ್ಚಿಟ್ಟು ಬರೆದವರದ್ದು ಶೇಕಡಾ 61. ಹಾಗಾಗಿ ವಿಡಿಯೊ ಪಾಠ ಹಾಕಿದರೆ, ಮುಗಿದ ಕೂಡಲೇ ಮುಂದಿನದ್ದು ತಾನಾಗಿ ಶುರುವಾಗಲು ಬಿಡಬೇಡಿ. ಪರದೆ ಮುಚ್ಚಿ, ಒಂದು ಹಾಳೆ ಕೊಡಿ.

ಈಗ ನನಗೆ ತುಂಬ ಇಷ್ಟವಾದ ಜಾಗಕ್ಕೆ ಬರುತ್ತೇನೆ. ಸ್ಕ್ರ್ಯಾಚ್.

ಮಕ್ಕಳು ತಾವೇ ಆಟ, ಕಥೆ ಕಟ್ಟಲು ಮಾಡಿದ ಕಂಪ್ಯೂಟರ್ ಭಾಷೆ ಇದು. ಇದರ ಬೇರು ಹಳೆಯದು. 1967ರಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫರ್ಜಿಗ್ ಸೇರಿ ಮಕ್ಕಳಿಗಾಗಿ ಲೋಗೊ ಎಂಬ ಕಂಪ್ಯೂಟರ್ ಭಾಷೆ ಮಾಡಿದರು. ಮುಂದೆ ಅದಕ್ಕೊಂದು ಆಮೆ ಬಂತು. ಇಷ್ಟು ಮುಂದೆ ಹೋಗು, ಇಷ್ಟು ತಿರುಗು ಅಂದರೆ ಆ ಆಮೆ ನಡೆದ ದಾರಿಯಲ್ಲಿ ಗೆರೆ ಬೀಳುತ್ತಿತ್ತು. ಚೌಕ ಬರಬೇಕಾದಲ್ಲಿ ಏನೋ ಸೊಟ್ಟ ಆಕಾರ ಬಂದರೆ ಮಗು ತಾನೇ ಆಮೆಯ ಹಾಗೆ ನಡೆದು ನೋಡಿ, ಎಲ್ಲಿ ತಪ್ಪಿತು ಅಂತ ಹುಡುಕುತ್ತಿತ್ತು. ಪ್ಯಾಪರ್ಟ್ ಹೇಳುತ್ತಿದ್ದ ಮುಖ್ಯ ವಿಚಾರವೇ ಇದು. ಕಂಪ್ಯೂಟರಿನ ಮುಂದೆ ತಪ್ಪು ಅನ್ನುವುದು ಹುಡುಕಿ ಸರಿ ಮಾಡುವ ವಿಷಯ. ನಮ್ಮ ಪರೀಕ್ಷೆಯ ಹಾಳೆಯಲ್ಲಿ ತಪ್ಪಿಗೆ ಕೆಂಪು ಗೀಟು ಬೀಳುತ್ತದೆ, ಅಂಕ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಆ ತಪ್ಪಿನ ಜೊತೆ ಮಗುವಿಗೆ ಮತ್ತೆ ಕೆಲಸ ಇಲ್ಲ. ಇದು ನನ್ನನ್ನು ಯಾವತ್ತೂ ಕಾಡುತ್ತದೆ.

ಪ್ಯಾಪರ್ಟ್ ಅವರ ದಾರಿಯಲ್ಲೇ ಎಂಐಟಿಯ ಮಿಚೆಲ್ ರೆಸ್ನಿಕ್ ಮತ್ತು ಅವರ ತಂಡ 2007ರಲ್ಲಿ ಸ್ಕ್ರ್ಯಾಚನ್ನು ಜಗತ್ತಿಗೆ ಬಿಟ್ಟಿತು. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಮಕ್ಕಳು ಕಥೆ, ಆಟ, ಹಾಡಿನ ಕುಣಿತ, ಏನು ಬೇಕಾದರೂ ಮಾಡಬಹುದು. ಮಾಡಿದ್ದನ್ನು ಜಾಲದಲ್ಲಿ ಎಲ್ಲರಿಗೂ ತೋರಿಸಬಹುದು. ದುಡ್ಡು ಕೊಡಬೇಕಾಗಿಲ್ಲ.

ಅಲ್ಲಿ ಎರಡು ಗುಂಡಿಗಳಿವೆ. ಯಾರದ್ದೇ ಆಟ ತೆರೆದರೂ "ಒಳಗೆ ನೋಡು" ಅನ್ನುವ ಗುಂಡಿ ಇರುತ್ತದೆ. ಒತ್ತಿದರೆ ಆ ಆಟವನ್ನು ಹೇಗೆ ಕಟ್ಟಿದ್ದಾರೆ ಅನ್ನುವುದು ಪೂರ್ತಿ ಕಾಣುತ್ತದೆ. ಬೆಕ್ಕು ಗೋಡೆಗೆ ಬಡಿದರೆ ಯಾಕೆ ವಾಪಸ್ಸು ಬರುತ್ತದೆ, ಅಂಕ ಎಲ್ಲಿ ಏರುತ್ತದೆ, ಎಲ್ಲವೂ. ಇನ್ನೊಂದು ಗುಂಡಿ "ರೀಮಿಕ್ಸ್". ಒತ್ತಿದರೆ ಅದರ ಒಂದು ಪ್ರತಿ ನಿಮ್ಮದಾಗುತ್ತದೆ. ಬೆಕ್ಕಿನ ಬದಲು ಹುಲಿ ಹಾಕಿ, ವೇಗ ಜಾಸ್ತಿ ಮಾಡಿ, ನಿಮ್ಮ ಊರಿನ ಜಾತ್ರೆಯ ಚಿತ್ರ ಹಿಂದೆ ಹಾಕಿ. ಅಲ್ಲಿ ಹಂಚಿಕೊಂಡ ಎಲ್ಲಕ್ಕೂ ಈ ಅನುಮತಿ ಮೊದಲೇ ಇರುತ್ತದೆ. ಮೂಲದವರ ಹೆಸರು ಹೇಳಬೇಕು.

ಇನ್ನೊಬ್ಬರದ್ದನ್ನು ತೆಗೆದುಕೊಳ್ಳುವುದು ಕಾಪಿ ಹೊಡೆದ ಹಾಗಲ್ವಾ ಅಂತ ಮೇಷ್ಟ್ರುಗಳು ಕೇಳುತ್ತಾರೆ. ಮಕ್ಕಳೂ ಹಾಗೇ ಕೇಳಿದರು. ಸ್ಕ್ರ್ಯಾಚ್ ಶುರುವಾದ ಹೊಸದರಲ್ಲಿ "ನನ್ನ ಆಟ ಕದ್ದರು" ಎಂಬ ದೂರುಗಳು ಬಂದವು. ಆಗ ತಂಡದವರು, ರೀಮಿಕ್ಸ್ ಮಾಡಿದ ಆಟದ ಕೆಳಗೆ ಮೂಲ ಮಾಡಿದವರ ಹೆಸರು ತಾನಾಗಿ ಬರುವ ಹಾಗೆ ಮಾಡಿದರು. ಅಷ್ಟಾದರೂ ಮಕ್ಕಳಿಗೆ ಸಮಾಧಾನ ಆಗಲಿಲ್ಲ. ಆಂದ್ರೆಸ್ ಮೊನ್ರಾಯ್ ಹೆರ್ನಾಂಡೆಸ್ ಮತ್ತು ಜೊತೆಗಾರರು ಇದನ್ನು ಅಧ್ಯಯನ ಮಾಡಿ 2011ರಲ್ಲಿ ಬರೆದರು. ಕಂಪ್ಯೂಟರು ತಾನಾಗಿ ಹಾಕಿದ ಹೆಸರಿಗೆ ಮಕ್ಕಳು ಅಷ್ಟು ಬೆಲೆ ಕೊಡಲಿಲ್ಲ. ಇನ್ನೊಂದು ಮಗು ತಾನೇ ಟೈಪ್ ಮಾಡಿ, ಇದು ಇಂಥವರದ್ದು, ಅವರಿಂದ ಕಲಿತೆ ಅಂತ ಹೇಳಿದಾಗ ಸಿಟ್ಟು ಹೋಗುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಮನುಷ್ಯರ ಮಾತು. ತರಗತಿಯಲ್ಲಿ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಇನ್ನೊಬ್ಬರದ್ದನ್ನು ಮುಟ್ಟಬೇಡ ಅಂತ ಮಗುವಿಗೆ ಹೇಳಿದರೆ ಅದಕ್ಕೆ ಕಲಿಯುವ ದಾರಿಯೇ ಮುಚ್ಚುತ್ತದೆ. ತೆಗೆದುಕೋ, ಬದಲಿಸು, ಯಾರದ್ದು ಅಂತ ಬಾಯಿಬಿಟ್ಟು ಹೇಳು ಅಂತ ಕಲಿಸಬೇಕು.

ನಮ್ಮ ಕರಾವಳಿ, ಮಲೆನಾಡಿನವರಿಗೆ ಇದು ಹೊಸದೇನೂ ಅಲ್ಲ. ಯಕ್ಷಗಾನದ ತಾಳಮದ್ದಳೆ ಕೇಳಿದವರು ಇಲ್ಲಿ ತುಂಬ ಜನ ಇದ್ದೀರಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ. ಪದ್ಯ ಎಲ್ಲರಿಗೂ ಒಂದೇ. ಮಾತು ಆ ರಾತ್ರಿ ಅಲ್ಲೇ ಹುಟ್ಟಬೇಕು. ಹಿಂದೆ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಬೇಕು ಅಂದರೆ ಅವರು ಹೋದ ಊರಿಗೆ ಹೋಗಬೇಕಿತ್ತು, ರಾತ್ರಿಯಿಡೀ ಕೂರಬೇಕಿತ್ತು. ಅವರು ತೀರಿಕೊಂಡದ್ದು 2006ರಲ್ಲಿ. ಇವತ್ತು ಅವರ ಹಳೆಯ ರೆಕಾರ್ಡಿಂಗುಗಳು ಯೂಟ್ಯೂಬಿನಲ್ಲಿವೆ. ಅವರನ್ನು ಒಮ್ಮೆಯೂ ನೋಡದ ಹುಡುಗರು ಅವರ ಮಾತು ಕೇಳಿ ಬೆಳೆಯುತ್ತಿದ್ದಾರೆ. ಇದು ಎಷ್ಟು ದೊಡ್ಡ ಭಾಗ್ಯ ನೋಡಿ.

ವಾಲಿ ವಧೆ ಪ್ರಸಂಗ ತೆಗೆದುಕೊಳ್ಳಿ. ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಅಂತ ವಾಲಿ ರಾಮನನ್ನು ಕೇಳುತ್ತಾನೆ. ಹುಡುಗನೊಬ್ಬ ಹಿರಿಯರೊಬ್ಬರ ವಾಲಿಯನ್ನು ರೆಕಾರ್ಡಿಂಗಿನಿಂದ ಪೂರ್ತಿ ಬಾಯಿಪಾಠ ಮಾಡಿಕೊಂಡು ಬಂದ ಅಂತಿಟ್ಟುಕೊಳ್ಳಿ. ಎದುರು ಕೂತ ರಾಮ ಬೇರೆಯೇ ಉತ್ತರ ಕೊಡುತ್ತಾನೆ. ಬಾಯಿಪಾಠ ಅಲ್ಲಿಗೆ ಖಾಲಿ. ಇನ್ನೊಬ್ಬ ಹುಡುಗ ಅದೇ ರೆಕಾರ್ಡಿಂಗನ್ನು ಬೇರೆ ರೀತಿ ಕೇಳಿದ್ದಾನೆ. ಈ ಪ್ರಶ್ನೆಗೆ ಇವರು ಈ ನೀತಿಯನ್ನು ಯಾಕೆ ತಂದರು, ಎಲ್ಲಿ ಎದುರಾಳಿಯ ಮಾತನ್ನೇ ಹಿಡಿದು ತಿರುಗಿಸಿದರು, ಎಲ್ಲಿ ಸುಮ್ಮನಾದರು ಅಂತ ಬಿಡಿಸಿ ಬಿಡಿಸಿ ನೋಡಿದ್ದಾನೆ. ಅವನು ಎದುರಿನ ರಾಮ ಏನೇ ಹೇಳಿದರೂ ನಿಭಾಯಿಸುತ್ತಾನೆ. ರೆಕಾರ್ಡಿಂಗ್ ಇಬ್ಬರಿಗೂ ಒಂದೇ. ಸ್ಕ್ರ್ಯಾಚಿನಲ್ಲಿ "ಒಳಗೆ ನೋಡು" ಅಂತ ಗುಂಡಿ ಇದೆ. ಇಲ್ಲಿ ಅದನ್ನು ಗುರುವೋ ಜೊತೆಯವರೋ ಮಾಡಿಕೊಡಬೇಕು. ಹಾಗಾಗಿಯೇ ಇಷ್ಟೆಲ್ಲ ರೆಕಾರ್ಡಿಂಗ್ ಇದ್ದರೂ ಗುರುವಿನ ಜಾಗ ಖಾಲಿಯಾಗುವುದಿಲ್ಲ.

ಕನ್ನಡದಲ್ಲಿ ಇಂಥ ತೆರೆದ ಜಾಗಗಳು ಎಲ್ಲಿವೆ? ಒಂದು ಕಾಲದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದೇ ಕಷ್ಟ ಇತ್ತು. ಒಂದು ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಜಾಲದಲ್ಲಿ ಹುಡುಕಿದರೆ ಸಿಗುತ್ತಿರಲಿಲ್ಲ. ಕೆ. ಪಿ. ರಾವ್ ಅವರು ಉಚ್ಚಾರಣೆಗೆ ಹೊಂದುವ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟರು, ಅದು ಟೈಪಿಂಗನ್ನು ಸುಲಭ ಮಾಡಿತು. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ ಕೊಡುವ ಯುನಿಕೋಡ್ ಬಳಕೆಗೆ ಬಂದ ಮೇಲೆ ಒಬ್ಬರು ಬರೆದದ್ದು ಎಲ್ಲರಿಗೂ ಕಾಣುವ, ಹುಡುಕಿದರೆ ಸಿಗುವ ಹಾಗಾಯಿತು. ಈ ಕೆಲಸ ಮಾಡಿದವರನ್ನು ನಾವು ಸಾಕಷ್ಟು ನೆನೆಯುವುದಿಲ್ಲ. ಹತ್ತನೇ ತರಗತಿಯ ಮಗು ಇವತ್ತು ಮೊಬೈಲಿನಲ್ಲಿ ಕನ್ನಡದಲ್ಲಿ ಒಂದು ಪದ್ಯ ಬರೆದು ಹಾಕುತ್ತದೆ ಅಂದರೆ ಅದಕ್ಕೆ ಅವರೇ ಕಾರಣ.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಮಕ್ಕಳು ಅದನ್ನು ಪ್ರಾಜೆಕ್ಟಿಗೆ ಕಾಪಿ ಮಾಡಲು ಮಾತ್ರ ತೆರೆಯುತ್ತಾರೆ. ನಾನು ಅವರಿಗೆ ಮೊದಲು ತೋರಿಸುವುದು ಪುಟದ ಮೇಲಿರುವ "ಇತಿಹಾಸ". ಒತ್ತಿ ನೋಡಿ. ಈ ಲೇಖನ ಮೊದಲ ದಿನ ಎರಡು ಸಾಲು ಇತ್ತು ಅಂತ ಕಾಣುತ್ತದೆ. ಯಾರೋ ಒಂದು ಇಸವಿ ಸೇರಿಸಿದರು, ಇನ್ಯಾರೋ ಅದು ತಪ್ಪು ಅಂತ ತೆಗೆದರು, ಮತ್ತೊಬ್ಬರು ಆಧಾರ ಕೊಟ್ಟು ವಾಪಸ್ಸು ಹಾಕಿದರು. ಅಚ್ಚಾದ ಪುಸ್ತಕ ತನ್ನ ಕರಡನ್ನು ನಿಮಗೆ ತೋರಿಸುವುದಿಲ್ಲ. ಇಲ್ಲಿ ಎಲ್ಲ ಕರಡೂ ಕಾಣುತ್ತದೆ. ಒಳ್ಳೆಯ ಬರಹ ಒಂದೇ ಏಟಿಗೆ ಬರುವುದಿಲ್ಲ ಅನ್ನುವುದು ಮಗುವಿಗೆ ಕಣ್ಣಾರೆ ಗೊತ್ತಾಗುತ್ತದೆ. ಪಕ್ಕದಲ್ಲಿ "ಚರ್ಚೆ" ಇದೆ. ಸಮುದಾಯದವರು ಕೂತು ಮಾತಾಡುವ ಪುಟಕ್ಕೆ ಅಲ್ಲಿ ಅರಳಿ ಕಟ್ಟೆ ಅಂತ ಹೆಸರು. ನಿಮ್ಮ ವಾಕ್ಯಕ್ಕೆ ಆಧಾರ ಎಲ್ಲಿ ಅಂತ ಗುರುತಿಲ್ಲದವರು ಕೇಳುತ್ತಾರೆ. ಅಂಕಕ್ಕಾಗಿ ಬರೆಯುವಾಗ ಯಾರೂ ಹಾಗೆ ಕೇಳುವುದಿಲ್ಲ.

ಇನ್ನೊಂದು ಉದಾಹರಣೆ ಅಲರ್ ನಿಘಂಟು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕನ್ನಡ-ಇಂಗ್ಲಿಷ್ ಪದಕೋಶ ಕಟ್ಟಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ. 2019ರಲ್ಲಿ ಅದು ಜಾಲಕ್ಕೆ ಬಂತು. ಮಲಯಾಳದಲ್ಲಿ ಓಳಂ ಎಂಬ ನಿಘಂಟು ತಾಣ ಮಾಡಿದ್ದ ಕೈಲಾಶ್ ನಾಧ್ ಅದಕ್ಕೆ ಜೊತೆಯಾದರು. ಹುಡುಕುವ ಸೌಲಭ್ಯ ಕೊಟ್ಟು ಅವರು ಸುಮ್ಮನಾಗಲಿಲ್ಲ. ಇಡೀ ದತ್ತಾಂಶವನ್ನೇ ಇಳಿಸಿಕೊಂಡು ಬಳಸಬಹುದು ಅಂತ ಮುಕ್ತ ಪರವಾನಗಿಯಲ್ಲಿ ಬಿಟ್ಟರು. ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಅದನ್ನು ಇಳಿಸಿಕೊಂಡು ಪದಬಂಧದ ಆಟ ಮಾಡಬಹುದು, ಪ್ರಾಸ ಹುಡುಕುವ ಸಾಧನ ಮಾಡಬಹುದು. ಒಬ್ಬರ ಜೀವಮಾನದ ದುಡಿಮೆ ಇನ್ನೊಬ್ಬರ ಮೊದಲ ಮೆಟ್ಟಿಲು ಆಗುವುದು ಅಂದರೆ ಇದು. ಕನ್ನಡಕ್ಕೆ ಇಂಥವು ಇನ್ನೂ ಹತ್ತಾರು ಬೇಕು.

ಜಾಲ ಎಲ್ಲರಿಗೂ ಸಿಗುತ್ತದೆ ಅನ್ನುವ ಹಾಗೆ ಇಷ್ಟು ಹೊತ್ತು ಮಾತಾಡಿದೆ. ಕೋವಿಡ್ ಕಾಲದಲ್ಲಿ ಮಲೆನಾಡಿನ, ಕರಾವಳಿಯ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ, ಕೊಡೆ ಹಿಡಿದು ಪಾಠ ಕೇಳಿದ್ದನ್ನು ನಾವೆಲ್ಲ ಕಂಡಿದ್ದೇವೆ. ಫೋನೇ ಇಲ್ಲದ ಮಕ್ಕಳಿಗೆ ಅದೂ ಇರಲಿಲ್ಲ. 2020ರ ಆಗಸ್ಟಿನಲ್ಲಿ ರಾಜ್ಯದಲ್ಲಿ ವಿದ್ಯಾಗಮ ಶುರುವಾದಾಗ ಮೇಷ್ಟ್ರುಗಳೇ ಊರೂರಿಗೆ ಹೋಗಿ ಗುಡಿಯ ಅಂಗಳದಲ್ಲಿ, ಮರದ ಕೆಳಗೆ ಪಾಠ ಮಾಡಿದರು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ತಿಂಗಳುಗಳಲ್ಲಿ ಮರದ ಕೆಳಗೆ ಕೂತ ಮೇಷ್ಟ್ರುಗಳಿಗೆ ನಾನು ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಈಗ ಎಲ್ಲರ ಬಾಯಲ್ಲೂ ಎಐ, ಅಂದರೆ ಕೃತಕ ಬುದ್ಧಿಮತ್ತೆ. ಇದರ ಬಗ್ಗೆ ಹೆದರಿಸುವ ಮಾತೂ ಹೊಗಳುವ ಮಾತೂ ಬೇಕಾದಷ್ಟಿದೆ. ನಾನು ಎರಡು ಅಧ್ಯಯನಗಳನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಟರ್ಕಿ ದೇಶದ ಒಂದು ಪ್ರೌಢಶಾಲೆಯದ್ದು. ಸುಮಾರು 1000 ಮಕ್ಕಳು, ವಿಷಯ ಗಣಿತ. ಒಂದು ಗುಂಪಿಗೆ ಅಭ್ಯಾಸದ ಹೊತ್ತಿನಲ್ಲಿ ಸಾಮಾನ್ಯ ಎಐ ಕೊಟ್ಟರು. ಇನ್ನೊಂದು ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವ ಎಐ. ಮೂರನೆಯ ಗುಂಪಿಗೆ ಬರೀ ಪುಸ್ತಕ. ಅಭ್ಯಾಸದಲ್ಲಿ ಎಐ ಇದ್ದವರೇ ಬಹಳ ಮುಂದೆ ಇದ್ದರು. ಸಾಮಾನ್ಯ ಎಐ ಇದ್ದವರ ಅಂಕ ಪುಸ್ತಕದವರಿಗಿಂತ ಶೇಕಡಾ 48 ಜಾಸ್ತಿ. ಆಮೇಲೆ ಎಐ ಇಲ್ಲದೆ ಪರೀಕ್ಷೆ ಆಯಿತು. ಅದೇ ಮಕ್ಕಳು ಪುಸ್ತಕದವರಿಗಿಂತ ಶೇಕಡಾ 17 ಹಿಂದೆ ಬಿದ್ದರು. ಅಭ್ಯಾಸದಲ್ಲಿ ಅವರು ಹೆಚ್ಚಾಗಿ ಉತ್ತರವನ್ನೇ ಕೇಳಿಬಿಟ್ಟಿದ್ದರು. ಕಲಿತದ್ದು ಕಡಿಮೆ ಆಯಿತು ಅಂತಲೂ ಅವರಿಗೆ ಅನಿಸಿರಲಿಲ್ಲ. ಸುಳಿವು ಪಡೆದ ಗುಂಪಿಗೆ ಈ ಹಿನ್ನಡೆ ಆಗಲಿಲ್ಲ. ಗಮನಿಸಿ, ಆ ಸುಳಿವು ಕೊಡುವ ಎಐ ತಾನಾಗಿ ಹುಟ್ಟಿದ್ದಲ್ಲ. ಯಾವ ಲೆಕ್ಕದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಮೇಷ್ಟ್ರುಗಳು ಮೊದಲೇ ಬರೆದುಕೊಟ್ಟಿದ್ದರು.

ಎರಡನೆಯದು ಕಥೆ ಬರೆಯುವುದರ ಬಗ್ಗೆ. 2024ರಲ್ಲಿ ಅನಿಲ್ ದೋಶಿ ಮತ್ತು ಆಲಿವರ್ ಹೌಸರ್ ಪ್ರಕಟಿಸಿದ್ದು. ಸುಮಾರು 300 ಜನ ಚಿಕ್ಕ ಚಿಕ್ಕ ಕಥೆ ಬರೆದರು. ಕೆಲವರು ಎಐಯಿಂದ ಕಥೆಯ ಎಳೆ ಪಡೆಯಬಹುದಿತ್ತು. ಎಳೆ ಪಡೆದವರ ಕಥೆಗಳು ಓದುಗರಿಗೆ ಚೆನ್ನಾಗಿ ಕಂಡವು. ಬರವಣಿಗೆ ಅಷ್ಟಾಗಿ ಒಲಿಯದವರಿಗೆ ಹೆಚ್ಚು ಲಾಭ ಆಯಿತು. ಆದರೆ ಎಲ್ಲ ಕಥೆಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಎಐ ನೆರವಿನ ಕಥೆಗಳು ಒಂದರ ಹಾಗೆ ಒಂದು ಇದ್ದವು. ಒಬ್ಬೊಬ್ಬರಿಗೆ ಗೆಲುವು, ಒಟ್ಟಾಗಿ ನಷ್ಟ. ನನಗೆ ಇದು ತುಂಬ ಚಿಂತೆಯ ವಿಷಯ. ಬಯಲುಸೀಮೆಯ ಮಗುವಿನ ಕಥೆಯಲ್ಲಿ ಜೋಳದ ಹೊಲ ಬರಬೇಕು, ಕೊಡಗಿನ ಮಗುವಿನ ಕಥೆಯಲ್ಲಿ ಕಾಫಿ ತೋಟದ ಆನೆ ಬರಬೇಕು. ಇಬ್ಬರ ಕಥೆಯಲ್ಲೂ ಒಂದೇ ಕಾಡು, ಒಂದೇ ದೀಪಸ್ತಂಭ ಬಂದರೆ ನಮ್ಮ ಭಾಷೆಗೆ ಏನು ಉಳಿಯುತ್ತದೆ?

ಹಾಗಾಗಿ ನನ್ನ ತರಗತಿಯಲ್ಲಿ ಕ್ರಮ ಹೀಗಿದೆ. ಮೊದಲು ಮಗು ತಾನೇ ಬರೆಯಬೇಕು, ಎಷ್ಟೇ ಸೊಟ್ಟಗಿರಲಿ. ಆಮೇಲೆ ಎಐಗೆ ತೋರಿಸಿ, ಇದರಲ್ಲಿ ಎಲ್ಲಿ ಅರ್ಥವಾಗಲಿಲ್ಲ, ಇನ್ನೇನು ತಿಳಿಯಬೇಕು ಅಂತ ಕೇಳಬಹುದು. ಬರೆದುಕೊಡು ಅಂತ ಕೇಳುವ ಹಾಗಿಲ್ಲ. ಎಐ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ಮಗು ಮನೆಗೆ ಹೋಗಿ ಅಜ್ಜಿಯನ್ನು ಕೇಳಬೇಕಾಗುತ್ತದೆ. ಅಜ್ಜಿ ಹೇಳುವ ಎಷ್ಟೋ ವಿಷಯ ಜಾಲದಲ್ಲಿ ಇನ್ನೂ ಇಲ್ಲ.

ಮೇಷ್ಟ್ರೊಬ್ಬರು ಮಾತಿನ ಮೊದಲೇ ಚೀಟಿ ಕೊಟ್ಟು ಕೇಳಿದ್ದಾರೆ: ನಮ್ಮ ಶಾಲೆಯಲ್ಲಿ ಹಳೆಯ ಕಂಪ್ಯೂಟರುಗಳಿವೆ, ಇಂಟರ್‌ನೆಟ್ ಬರುವುದಿಲ್ಲ, ನಾವೇನು ಮಾಡುವುದು? ಸರ್, ಸ್ಕ್ರ್ಯಾಚ್ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಒಂದು ಸಲ ಬೇರೆ ಕಡೆ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತಂದು ಹಾಕಿ. ತೀರಾ ಹಳೆಯ ಕಂಪ್ಯೂಟರಿಗೆ ಅದರ ಹಳೆಯ ಆವೃತ್ತಿ ಸಾಕು. ಒಂದು ಮಗು ಮಾಡಿದ ಆಟವನ್ನು ಪೆನ್‌ಡ್ರೈವಿನಲ್ಲೇ ಇನ್ನೊಂದು ಮಗುವಿಗೆ ಕೊಡಿ. ಅದು ಒಳಗೆ ನೋಡಲಿ, ಬದಲಿಸಲಿ. ಯಾರಿಂದ ತೆಗೆದುಕೊಂಡೆ, ಏನು ಬದಲಿಸಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆಯಲಿ. ಆ ನೋಟ್‌ಬುಕ್ ಲ್ಯಾಬಿನಲ್ಲೇ ಇರಲಿ, ಮುಂದಿನ ವರ್ಷದ ಮಕ್ಕಳು ಅದನ್ನು ಓದಿಯೇ ಶುರು ಮಾಡಬಹುದು. ಇಳಿಸಿಕೊಳ್ಳಲು ತೊಂದರೆ ಆದರೆ ಇಲ್ಲಿಂದ ಹೋಗುವ ಮೊದಲು ನನ್ನನ್ನು ಕಾಣಿ, ಲ್ಯಾಪ್‌ಟಾಪ್ ತಂದಿದ್ದೇನೆ, ಎರಡೂ ಆವೃತ್ತಿ ಅದರಲ್ಲಿದೆ.